ವಿಟಮಿನ್ ಸಿ ಇದ್ದರೂ ಅದನ್ನು ಬದಲಿಸಿ ಹೊಸ ಆಂಟಿಆಕ್ಸಿಡೆಂಟ್ (ಆಮ್ಲಜನಕದಿಂದಾಗುವ ಕೆಡುಕನ್ನು ತಡೆಯುವ ವಸ್ತು) ಯಾಕೆ ಮಾಡುತ್ತಾರೆ?
ಯಾಕೆಂದರೆ ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು. ಜೀವಕೋಶದ ಪೊರೆಯ ಒಳಭಾಗವೋ ಎಣ್ಣೆಯಂಥದ್ದು. ಹಾಗಾಗಿ ಅದು ಹೊಸ್ತಿಲಲ್ಲೇ ನಿಲ್ಲುತ್ತದೆ. ಅದಕ್ಕೊಂದು ಕೊಬ್ಬಿನ ಬಾಲ ಜೋಡಿಸಿದರೆ ಪೊರೆಯೊಳಗೆ ಹೋಗಿ ಕೂರುತ್ತದೆ.

ಪೊರೆಯೊಳಗೆ ಯಾಕೆ ಹೋಗಬೇಕು ಅನ್ನೋದು ಮಂಗಳೂರಿನವರಿಗೆ ಬೇಗ ಅರ್ಥವಾಗುತ್ತದೆ. ಬಂಗುಡೆಯನ್ನು ಜಾಸ್ತಿ ದಿನ ಫ್ರೀಜರ್‌ನಲ್ಲಿಟ್ಟರೆ ಹಳದಿಯಾಗಿ ಕಮಟು ವಾಸನೆ ಬರುತ್ತದೆ, ಅಲ್ವಾ? ಅದೇ ಅಡುಗೆಮನೆಯ ತೆಂಗಿನೆಣ್ಣೆ ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ. ಮೀನಿನ ಕೊಬ್ಬಿನಲ್ಲಿ ಆಮ್ಲಜನಕ ಸುಲಭವಾಗಿ ಕೈಹಾಕುವ ಜಾಗಗಳು ಜಾಸ್ತಿ. ನಮ್ಮ ಪೊರೆಗಳಲ್ಲೂ ಅಂಥ ಕೊಬ್ಬಿದೆ. ಹೀಗೆ ಕೆಟ್ಟುಹೋದ ಕೊಬ್ಬಿನ ಒಂದು ಅಣು ಪಕ್ಕದ್ದರಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಅದು ಮತ್ತೊಂದರಿಂದ. ಹೀಗೆ ಸರಪಳಿ ಬೆಳೆಯುತ್ತದೆ. ಆಂಟಿಆಕ್ಸಿಡೆಂಟ್ ತನ್ನದೇ ಹೈಡ್ರೋಜನ್ ಕೊಟ್ಟು ಅದನ್ನು ತುಂಡರಿಸುತ್ತದೆ. ಆದರೆ ಸರಪಳಿ ಇರುವಲ್ಲಿಗೆ ಅದು ತಲುಪಬೇಕು, ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ.

ವಿಟಮಿನ್ ಸಿಗೆ 16 ಕಾರ್ಬನ್‌ಗಳ ಪಾಮಿಟಿಕ್ ಆಮ್ಲವನ್ನು (ಇದೊಂದು ಕೊಬ್ಬಿನಾಮ್ಲ) ಬಾಲವಾಗಿ ಸೇರಿಸಿದರೆ ಆಸ್ಕಾರ್ಬೈಲ್ ಪಾಮಿಟೇಟ್ ಸಿಗುತ್ತದೆ. ಎಣ್ಣೆ ಕಮಟದಂತೆ ಇದನ್ನು ಆಹಾರದಲ್ಲಿ ಈಗಾಗಲೇ ಬಳಸುತ್ತಾರೆ. ಆದರೆ ಸುಮ್ನೆ ನುಂಗಿದರೆ ಕರುಳಿನಲ್ಲೇ ಬಾಲ ಬಹುಮಟ್ಟಿಗೆ ಕಳಚಿಹೋಗುತ್ತದೆ. ಹಾಗೆ ಕಳಚದ ಜೋಡಣೆ ಹುಡುಕುವುದೇ ಈ ಕೆಲಸದಲ್ಲಿ ಕಷ್ಟದ ಭಾಗ.