ಎಕ್ಟೋಪಿಕ್ (ಗರ್ಭಕೋಶದ ಹೊರಗೆ, ಹೆಚ್ಚಾಗಿ ಟ್ಯೂಬಿನಲ್ಲೇ, ಗರ್ಭ ನಿಲ್ಲುವುದು) ಆಗಿ ಒಂದು ಟ್ಯೂಬ್ (ಎಗ್ಗನ್ನು ಗರ್ಭಕೋಶಕ್ಕೆ ಸಾಗಿಸುವ ನಾಳ) ತೆಗೆದಿದ್ದಾರೆ. ಮಗುವಾಗುವ ಸಾಧ್ಯತೆ ಅರ್ಧ ಆಯಿತಾ? ನೇರ ಐವಿಎಫ್‌ಗೇ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಹೋಗಬೇಕಾ?

ಮೊದಲು ಆ ‘ಅರ್ಧ’ದ ಲೆಕ್ಕ ಬಿಡಿ. ಅದನ್ನು ನಂಬಿಯೇ ನಾನು 14 ತಿಂಗಳು ಕಳೆದುಕೊಂಡೆ.

ನನ್ನದು ಎಡಗಡೆ ಟ್ಯೂಬ್, ಏಳನೇ ವಾರ. ಗ್ಯಾಸ್ಟ್ರಿಕ್ ಅಂದುಕೊಂಡು ಜೀರಿಗೆ ಕಷಾಯ ಕುಡಿದು ಮಲಗಿದ್ದೆ. ಭುಜದ ತುದಿಯೂ ನೋಯತೊಡಗಿದಾಗ ನಮ್ಮವರು ಹೆದರಿ ದಾವಣಗೆರೆಗೆ ಕರೆದುಕೊಂಡು ಹೋದರು. ಟ್ಯೂಬ್ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿದರೆ ಭುಜವೂ ನೋಯುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ರಾತ್ರಿಯೇ ಆಪರೇಷನ್ ಆಯಿತು.

ತಪ್ಪು ಮಾಡಿದ್ದು ಆಮೇಲೆ. ‘ಒಂದು ತಿಂಗಳು ಬಲಗಡೆ ಎಗ್, ಒಂದು ತಿಂಗಳು ಎಡಗಡೆ. ನಿನಗೆ ಎಡಗಡೆ ತಿಂಗಳು ದಂಡ’ ಅಂತ ಸಂಬಂಧಿಕರೊಬ್ಬರು ಹೇಳಿದರು. ನಾನದನ್ನು ಶಾಸ್ತ್ರದ ಹಾಗೆ ಹಿಡಿದುಕೊಂಡೆ. ಪ್ರತಿ ತಿಂಗಳು ಸ್ಕ್ಯಾನ್‌ಗೆ ಓಡುವುದು, ಎಗ್ ಯಾವ ಕಡೆ ಬೆಳೆದಿದೆ ಅಂತ ಕೇಳುವುದು. ಎಡಗಡೆ ಅಂದರೆ ಆ ತಿಂಗಳಿಗೆ ರಜೆ! ನಮ್ಮವರು ಲೋಡ್ ತಗೊಂಡು ಹುಬ್ಬಳ್ಳಿಗೆ ಹೋದರೂ ಬೇಗ ಬನ್ನಿ ಅಂತಿರಲಿಲ್ಲ. ಸರದಿ ಪ್ರಕಾರ ಬಂದಿದ್ದರೆ ಅದೊಂದು ಮಾತು. ಒಮ್ಮೆ ಸತತ ಮೂರು ತಿಂಗಳು ಎಡಗಡೆಯೇ ಬಂತು, ಮೂರೂ ಸುಮ್ನೆ ಹೋದವು. ನಾಚಿಕೆಗೆ ಡಾಕ್ಟರ ಹತ್ತಿರ ಬಾಯಿಬಿಡಲಿಲ್ಲ.

ಕೊನೆಗೆ ಬೇರೆ ಡಾಕ್ಟರಮ್ಮನ ಮುಂದೆ ಹೇಳಿದಾಗ ಅವರು ತಲೆ ಚಚ್ಚಿಕೊಂಡರು. ಟ್ಯೂಬಿನ ತುದಿ ಬೆರಳುಗಳ ಹಾಗೆ ಇರುತ್ತದೆ, ಓವರಿಗೆ, ಅಂದರೆ ಎಗ್ ಬೆಳೆಯುವ ಅಂಡಾಶಯಕ್ಕೆ, ಅಂಟಿಕೊಂಡಿರುವುದಿಲ್ಲ. ಆ ಕಡೆ ಬಿಡುಗಡೆಯಾದ ಎಗ್ಗನ್ನು ಈ ಕಡೆಯ ಟ್ಯೂಬ್ ಹಿಡಿದುಕೊಳ್ಳಬಹುದು. ಆಪರೇಷನ್ ಕಾಗದ ಕೇಳಿದರು. ‘ಬಲಗಡೆ ಟ್ಯೂಬ್ ಚೆನ್ನಾಗಿದೆ’ ಅಂತ ಅದರಲ್ಲೇ ಬರೆದಿತ್ತು. ಅಷ್ಟು ದಿನ ಟ್ರಂಕಿನಲ್ಲಿಟ್ಟು ಒಮ್ಮೆಯೂ ಓದಿರಲಿಲ್ಲ ನಾನು.

ಆದ್ದರಿಂದ ನೀವು ಕೇಳಬೇಕಾದ್ದು ಎಷ್ಟು ಪರ್ಸೆಂಟ್ ಅಂತಲ್ಲ, ಉಳಿದ ಟ್ಯೂಬ್ ಹೇಗಿದೆ ಅಂತ. ಎಕ್ಟೋಪಿಕ್ ಆದವರಲ್ಲಿ 100ಕ್ಕೆ ಸುಮಾರು 65 ಜನಕ್ಕೆ 18 ತಿಂಗಳೊಳಗೆ ಗರ್ಭಕೋಶದಲ್ಲೇ ಗರ್ಭ ನಿಲ್ಲುತ್ತದೆ. ಆ ಟ್ಯೂಬೂ ಕಟ್ಟಿಕೊಂಡಿದ್ದರೆ ಅಥವಾ ವಯಸ್ಸು 35 ದಾಟಿದ್ದರೆ ಐವಿಎಫ್ ಬಗ್ಗೆ ಬೇಗ ಮಾತಾಡಿ. ಇಲ್ಲದಿದ್ದರೆ ಈಗಲೇ ಯಾಕೆ ಲಕ್ಷಗಟ್ಟಲೆ ಸುರಿಯಬೇಕು? ಐವಿಎಫ್‌ನಲ್ಲೂ ಎಕ್ಟೋಪಿಕ್ ಆಗುವುದುಂಟು.

ಒಂದು ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ. ಮತ್ತೆ ಎಕ್ಟೋಪಿಕ್ ಆಗುವ ಸಂಭವ 100ಕ್ಕೆ ಸುಮಾರು 10. ಮುಟ್ಟು ನಿಂತು ಟೆಸ್ಟ್ ಪಾಸಿಟಿವ್ ಬಂದ ದಿನವೇ ಡಾಕ್ಟರಿಗೆ ಫೋನ್ ಮಾಡಿ, ಆರನೇ ವಾರಕ್ಕೆ ಸ್ಕ್ಯಾನ್ ಮಾಡಿಸಿ. ನೋವಿದ್ದರೆ, ರಕ್ತ ಕಂಡರೆ ಅಲ್ಲಿಯವರೆಗೂ ಕಾಯಬೇಡಿ.

ಲೆಕ್ಕ ಬಿಟ್ಟ ನಾಲ್ಕನೇ ತಿಂಗಳಿಗೆ ನನಗೆ ನಿಂತಿತು. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಮೊದಲು ಗರ್ಭಕೋಶದೊಳಗಿನ ಚುಕ್ಕೆ ತೋರಿಸಿದರು. ಆಮೇಲೆ ಎಗ್ ಹೊರಬಿದ್ದ ಗುರುತನ್ನೂ ತೋರಿಸಿದರು. ಅದು ಎಡಗಡೆ ಓವರಿಯಲ್ಲಿತ್ತು. ನನ್ನ ಹಳೇ ಲೆಕ್ಕದ ಪ್ರಕಾರ ಆ ತಿಂಗಳು ನಮ್ಮವರು ಹುಬ್ಬಳ್ಳಿಯಲ್ಲಿ ಇರಬೇಕಿತ್ತು.