ಓರೆಯಾದರೂ ಅದು ಚೌಕವೇ

ಪ್ರಶ್ನೆ: ಸರ್ಕಾರಿ ಶಾಲೆಯೊಂದರಲ್ಲಿ ಮೂರನೇ ತರಗತಿಗೆ ಗಣಿತ ಕಲಿಸುತ್ತಿದ್ದೇನೆ. ಕಪ್ಪುಹಲಗೆಯ ಮೇಲೆ ಚೌಕ ಬರೆದರೆ ಮಕ್ಕಳೆಲ್ಲ ಸರಿಯಾಗಿ ಹೇಳುತ್ತಾರೆ. ಅದನ್ನೇ ಮೂಲೆ ಕೆಳಗೆ ಬರುವಂತೆ ಬರೆದರೆ ‘ಇದು ವಜ್ರ’ ಎನ್ನುತ್ತಾರೆ. ತಲೆಕೆಳಗಾದ ತ್ರಿಭುಜವನ್ನಂತೂ ತ್ರಿಭುಜವೆಂದು ಒಪ್ಪುವುದೇ ಇಲ್ಲ. ಲಕ್ಷಣಗಳನ್ನು ಬಾಯಿಪಾಠ ಮಾಡಿಸಿದ ಮೇಲೂ ಹೀಗೇಕೆ?
– ಒಬ್ಬ ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ಈ ವಯಸ್ಸಿನಲ್ಲಿ ಇದು ತೀರ ಸಹಜ, ದಯವಿಟ್ಟು ಮಕ್ಕಳನ್ನು ಗದರಬೇಡಿ. ನೆದರ್‌ಲೆಂಡ್ಸ್‌ನ ಶಿಕ್ಷಕ ದಂಪತಿ ಪಿಯರೆ ಮತ್ತು ಡೀನಾ ವಾನ್ ಹೀಲೆ 1957ರ ತಮ್ಮ ಸಂಶೋಧನ ಪ್ರಬಂಧಗಳಲ್ಲಿ ಈ ವಿಷಯವನ್ನೇ ಎತ್ತಿಕೊಂಡಿದ್ದರು. ಮಗು ಮೊದಲಿಗೆ ಆಕೃತಿಯನ್ನು, ಗುರುತಿನವರ ಮುಖ ಕಂಡಂತೆ, ಒಟ್ಟು ನೋಟದಿಂದಲೇ ಗುರುತಿಸುತ್ತದೆ. ಬಾಹು, ಕೋನಗಳನ್ನು ಗಮನಿಸಿ ಹೆಸರಿಸುವುದು ಅದರ ಮುಂದಿನ ಹಂತ, ಮತ್ತು ಆ ಹಂತಕ್ಕೆ ಮಗುವನ್ನು ಏರಿಸುವುದು ವಯಸ್ಸಿಗಿಂತ ಹೆಚ್ಚಾಗಿ ಕಲಿಕೆಯ ಅನುಭವ. ಪುಸ್ತಕದಲ್ಲೂ ಗೋಡೆಯ ಚಿತ್ರಪಟದಲ್ಲೂ ಚೌಕವು ಸದಾ ನೆಟ್ಟಗೆ ಕೂತೇ ಇರುವುದರಿಂದ, ಹಾಗೆ ಕೂತಿರುವುದೂ ಚೌಕದ ಲಕ್ಷಣವೆಂದು ನಿಮ್ಮ ಮಕ್ಕಳು ತಿಳಿದುಕೊಂಡಿದ್ದಾರೆ.

ರಂಗೋಲಿಯ ಚುಕ್ಕಿಗಳಿಂದ ಆರಂಭಿಸಿ. ಪ್ರತಿ ಮಗುವೂ ಸ್ಲೇಟಿನ ಮೇಲೆ ಮೂರು ಸಾಲಿನಲ್ಲಿ ಮೂರು ಮೂರರಂತೆ, ಸಮ ಅಂತರದಲ್ಲಿ ಒಂಬತ್ತು ಚುಕ್ಕಿ ಇಟ್ಟು, ಅವನ್ನು ಸೇರಿಸಿ ಎಷ್ಟು ಚೌಕ ಬರೆಯಬಹುದೆಂದು ಹುಡುಕಲಿ. ನಾಲ್ಕು ಚಿಕ್ಕವು, ಒಂದು ದೊಡ್ಡದು ಬೇಗ ಸಿಗುತ್ತವೆ. ‘ಇನ್ನೂ ಒಂದಿದೆ’ ಎಂದಷ್ಟೇ ಹೇಳಿ ಕಾಯಿರಿ. ನಾಲ್ಕೂ ಅಂಚುಗಳ ನಡುವಿನ ಚುಕ್ಕಿಗಳನ್ನು ಯಾರಾದರೂ ಸೇರಿಸಿದಾಗ ತರಗತಿಯಲ್ಲಿ ‘ಅದು ವಜ್ರ!’ ಎಂಬ ವಾದ ಏಳುತ್ತದೆ. ತೀರ್ಪು ನೀವು ಕೊಡಬೇಡಿ. ರದ್ದಿ ಕಾಗದವೊಂದನ್ನು ಒಮ್ಮೆ ಮಡಚಿ, ಮಡಿಕೆಯ ಅಂಚು ಅಂಚಿನ ಮೇಲೇ ಬರುವಂತೆ ಮತ್ತೊಮ್ಮೆ ಮಡಚಿದರೆ ಲಂಬಕೋನ ಸಿದ್ಧವಾಗುತ್ತದೆ. ಮಕ್ಕಳು ಅದನ್ನು ನಾಲ್ಕೂ ಮೂಲೆಗಳಿಗೆ ಹಿಡಿದು, ಬಾಹುಗಳನ್ನು ದಾರದಿಂದ ಅಳೆದು, ಸ್ಲೇಟನ್ನು ತಿರುಗಿಸಿ ತಾವೇ ನಿರ್ಧರಿಸಲಿ.

ಮರುದಿನ ಸಮ ಉದ್ದದ ಪೊರಕೆ ಕಡ್ಡಿಗಳನ್ನೂ ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳನ್ನೂ ಕೊಟ್ಟು, ಚೌಕ ಮತ್ತು ತ್ರಿಭುಜ ಕಟ್ಟಿಸಿ. ಚೌಕದ ಮೂಲೆಯನ್ನು ಒತ್ತಿದರೆ ಅದು ವಾಲುತ್ತದೆ: ಬಾಹುಗಳು ಅವೇ, ಕೋನಗಳು ಬೇರೆ. ಚೌಕವಲ್ಲದ ವಜ್ರಾಕೃತಿ ಹೇಗಿರುತ್ತದೆಂಬುದು ಆಗ ಕೈಗೇ ತಿಳಿಯುತ್ತದೆ. ತ್ರಿಭುಜ ಮಾತ್ರ ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ಹೇಗೆ ತಿರುಗಿಸಿ ಹಿಡಿದರೂ ಅದೇ ಮೂರು ಕಡ್ಡಿ, ಅದೇ ಮೂರು ಮೂಲೆ ಎಂಬುದನ್ನು ಎಣಿಸಿಯೇ ನೋಡಲಿ.

ಒಂದು ಮಾತು ನೆನಪಿರಲಿ. ನಾಲ್ಕೂ ಬಾಹುಗಳು ಸಮವಾಗಿರುವ ಚತುರ್ಭುಜವೇ ವಜ್ರಾಕೃತಿಯಾದ್ದರಿಂದ ಪ್ರತಿ ಚೌಕವೂ ವಜ್ರಾಕೃತಿಯೇ. ಮಕ್ಕಳ ಉತ್ತರ ಪೂರ್ತಿ ತಪ್ಪಲ್ಲ, ‘ಚೌಕವಲ್ಲ’ ಎಂಬ ಭಾಗವಷ್ಟೇ ತಪ್ಪು. ಹಾಗೆಯೇ ‘ಚೌಕವು ಆಯತವಲ್ಲ’ ಎಂದು ಸುಲಭಕ್ಕಾಗಿಯೂ ಹೇಳಬೇಡಿ. ಮೂರನೇ ತರಗತಿಯಲ್ಲಿ ಆ ಸಂಬಂಧವನ್ನು ವಿವರಿಸಲು ಅವಸರವಿಲ್ಲ, ಆದರೆ ಹೀಗೆ ತಪ್ಪಾಗಿ ಕಲಿತದ್ದನ್ನು ಮುಂದಿನ ತರಗತಿಯಲ್ಲಿ ಅಳಿಸುವುದು ಬಹಳ ಕಷ್ಟ.