ಹಸಿ ರಸಕ್ಕಿಂತ ಬೇಯಿಸಿದ ಟೊಮೆಟೊ ವಾಸಿ

ನಮಸ್ಕಾರ. 62 ವರ್ಷದ ಅಪ್ಪನಿಗೆ ದಿನಾ ಬೆಳಿಗ್ಗೆ ಹಸಿ ಟೊಮೆಟೊ ರಸ ಕೊಟ್ಟರೆ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಬರೋದಿಲ್ವಾ ಅಂತ ಸೋಮವಾರಪೇಟೆಯಿಂದ ಕೇಳಿದ್ದೀರಿ. ಬರೋದೇ ಇಲ್ಲ ಅಂತ ಯಾರೂ ಹೇಳೋಕಾಗಲ್ಲ.

ಟೊಮೆಟೊ ಈ ಕ್ಯಾನ್ಸರ್ ತಡೆಯುತ್ತೆ ಅನ್ನೋ ಮಾತಿಗೆ ಹೆಚ್ಚು ಬಲ ಬಂದದ್ದು 1995ರಲ್ಲಿ. ಅಮೆರಿಕದ ಹಾರ್ವರ್ಡ್‌ನವರು 47,000ಕ್ಕೂ ಜಾಸ್ತಿ ಗಂಡಸರ ಊಟದ ಲೆಕ್ಕ ನೋಡಿದ್ದರು. ಟೊಮೆಟೊ ಅಡುಗೆ, ಅದರಲ್ಲೂ ಸಾಸ್, ಹೆಚ್ಚು ತಿಂದವರಲ್ಲಿ ಈ ಕ್ಯಾನ್ಸರ್ ಕಡಿಮೆ ಕಂಡಿತ್ತು. ಆದರೆ ಅದು ಟೊಮೆಟೊದಿಂದಲೇ ಅಂತ ಸಾಬೀತಾಗಲಿಲ್ಲ. 2007ರಲ್ಲಿ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪುರಾವೆಗಳನ್ನೆಲ್ಲ ತಿರುವಿ ಹಾಕಿ, ಟೊಮೆಟೊ ಪರವಾಗಿ ಇರುವುದು ತೀರಾ ಅಲ್ಪ, ಹಣ್ಣಿನ ಕೆಂಪು ಬಣ್ಣವಾದ ಲೈಕೋಪೀನ್‌ ಪರವಾಗಿ ನಂಬುವಂಥದ್ದು ಏನೂ ಇಲ್ಲ ಅಂದಿತು. ಹಾಗಾಗಿ ಲೈಕೋಪೀನ್ ಮಾತ್ರೆಗೆ ಸುಮ್ನೆ ದುಡ್ಡು ಸುರಿಯಬೇಡಿ.

ಬೇಯಿಸಿದಾಗ ಲೈಕೋಪೀನ್ ಬಿಡಿಸಿಕೊಳ್ಳುತ್ತದೆ, ಎಣ್ಣೆ ಜೊತೆ ಸೇರಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಅಂದ್ಮೇಲೆ ಹಸಿ ರಸ ಯಾಕೆ? ಹಣ್ಣು ಟೊಮೆಟೊ ಎಣ್ಣೆಯಲ್ಲಿ ಬಾಡಿಸಿ ಗೊಜ್ಜು ಮಾಡಿ, ಅಕ್ಕಿರೊಟ್ಟಿಗೋ ಕಡಂಬುಟ್ಟಿಗೋ ಕೊಡಿ. (ಪಂದಿ ಕರಿಗೆ ಮಾತ್ರ ಬೇಡ, ಅಲ್ಲಿ ಕಾಚಂಪುಳಿನೇ ಇರಲಿ!) ಬೆಲೆ ಏರಿದಾಗ ಕಲ್ಲಂಗಡಿ, ಕೆಂಪು ತಿರುಳಿನ ಸೀಬೆಯಲ್ಲೂ ಲೈಕೋಪೀನ್ ಇದೆ.

ನನ್ನ ಮಾವನೂ ಖಾಲಿ ಹೊಟ್ಟೆಗೆ ಈ ರಸ ಕುಡಿದರು. ವಾರದೊಳಗೆ ಎದೆಯುರಿ ಶುರು, ಅಲ್ಲಿಗೆ ನಿಂತಿತು.

ಅಪ್ಪನಿಗೆ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಧಾರೆ ಸಣ್ಣಗಾಗುವುದು ಇದೆಯಾ? ಇದ್ದರೆ ಡಾಕ್ಟರಿಗೆ ತೋರಿಸಿ, ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ರಕ್ತ ಪರೀಕ್ಷೆ ಬೇಕಾ ಅಂತ ಅವರನ್ನೇ ಕೇಳಿ.